ಗುಂಯ್ ಎನ್ನಲೇಬೇಕು

ವೆಸ್ಟ್ ಮಾಂಬಲಂ, ಚೆನ್ನೈ
೧೪ ಆಗಸ್ಟ್ ೨೦೨೫

ನನ್ನ ಚಿನ್ನಮರಿ ಸುಮೇಧಾ,

ಮೊದಲು ಎಲ್ಲಾದರೂ ಕೂತುಕೋ. ಲೇಹ್‌ನಲ್ಲಿ ಹಿಮ ಅಳೆಯುತ್ತಾ ನಿಂತಲ್ಲೇ ಓದಿ ಮುಗಿಸುವ ಕಾಗದವಲ್ಲ ಇದು. ಕೂತೆಯಾ? ಹಾಗಾದರೆ ಕೇಳು. ಈ ಸಲದ ರಾಯರ ಆರಾಧನೆಯಲ್ಲಿ ನಿನ್ನಮ್ಮ ಕರೆಂಟು ಗಿಟಾರು ನುಡಿಸಿದಳು. ನಮ್ಮ ಬೀದಿಯ ಮಠದಲ್ಲಿ, ಒಂಬತ್ತು ಗಜದ ಸೀರೆ ಉಟ್ಟುಕೊಂಡು, ಭಜನಾ ಮಂಡಳಿಯ ಮುಂದಿನ ಸಾಲಿನ ನಟ್ಟನಡುವೆ! ನಗಬೇಡ. ನಿನ್ನ ಪಾಲಿನದನ್ನೂ ಸೇರಿಸಿ ನಿಮ್ಮಪ್ಪ ನಕ್ಕಾಗಿದೆ.

ಫೋನಿನಲ್ಲಿ ಹೇಳಬಾರದಿತ್ತೇ ಅನ್ನುತ್ತೀ. ನನ್ನ ಫೋನಿನ ಮೈಕ್ ಕೆಟ್ಟು ಎರಡು ತಿಂಗಳಾಯಿತಲ್ಲ. ನಿನ್ನ ಮಾತು ನನಗೆ ಕೇಳುತ್ತದೆ, ನನ್ನದು ನಿನಗೆ ಕೇಳುವುದಿಲ್ಲ. ಅಪ್ಪನ ಫೋನಿನಲ್ಲಿ ಮಾತಾಡೋಣ ಎಂದರೆ ಅವರು ಬಿಟ್ಟುಕೊಟ್ಟರೆ ತಾನೇ. ಭಾನುವಾರ ಭಾನುವಾರ ನಾವಿಬ್ಬರೂ ಫೋನಿನಲ್ಲೇ ಒಂದು ದೇವರನಾಮ ಹಾಡುತ್ತಿದ್ದುದೂ ನಿಂತುಹೋಯಿತು. ಆ ಗುಂಡಿ ಒತ್ತಿ ಒತ್ತಿ ಇಷ್ಟುದ್ದ ಬರೆಯಲು ನನ್ನಿಂದ ಆಗದು, ಅದಕ್ಕೇ ಪೆನ್ನು ಹಿಡಿದೆ.

ಎಲ್ಲಾ ಶುರುವಾದದ್ದು ನಮ್ಮ ಮಂಡಳಿಯ ಯಜಮಾನಿ ರಮಾಬಾಯಿಯಿಂದ. ಬೇಸಿಗೆಯಿಂದ ನನ್ನ ಗಂಟಲು ಸ್ವಲ್ಪ ಕಟ್ಟಿದೆ. ಏನೂ ಗಾಬರಿಯಿಲ್ಲ, ಐಸ್ ನೀರು ಕುಡಿದದ್ದು, ಕೀಲ್ಪಾಕಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ರಮಾಬಾಯಿ ಬಹಳ ಪ್ರೀತಿಯಿಂದಲೇ, ಈ ವರ್ಷ ನೀನು ಹಿಂದೆ ಕೂತು ಆರಾಮಾಗಿ ಪ್ರಸಾದ ಹಂಚಿಬಿಡು ಎಂದಳು. ಮದುವೆಯಾಗಿ ಈ ಬೀದಿಗೆ ಬಂದ ವರ್ಷದಿಂದ ನಾನು ಕೂತಿರುವುದು ಮುಂದಿನ ಸಾಲಿನಲ್ಲಿ. ಹಾಡದಿದ್ದರೆ ಬೇಡ, ತಂಬೂರಿ ಮೀಟುತ್ತೇನೆ ಎಂದೆ. ಅಟ್ಟದಿಂದ ನಿಮ್ಮಜ್ಜಿಯ ತಂಬೂರಿ ಇಳಿಸಿ ನೋಡಿದರೆ ಬುರುಡೆ ಮೇಲಿನಿಂದ ಕೆಳಗಿನವರೆಗೆ ಬಿರಿದಿದೆ. ತಂಬೂರಿ ಯಾಕೆ ಬೇಕು, ನನ್ನ ಫೋನಿನಲ್ಲೇ ಶ್ರುತಿ ಇದೆಯಲ್ಲ ಎಂದಳು ರಮಾಬಾಯಿ. ಅಂದರೆ ಮುಂದಿನ ಸಾಲಿನಲ್ಲಿ ಅವಳ ಫೋನಿಗೆ ಜಾಗ ಉಂಟು, ನನಗಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು ಕಣೇ.

ತಂಬೂರಿಯನ್ನು ವಾಪಸ್ ಅಟ್ಟಕ್ಕೆ ಸೇರಿಸುವಾಗ ಕೈಗೆ ತಗುಲಿದ್ದು ನಿನ್ನ ಕಪ್ಪು ಚೀಲ. ಕಾಲೇಜಿನಲ್ಲಿದ್ದಾಗ ನೀನು ಧಂ ಧಂ ಎನ್ನಿಸುತ್ತಿದ್ದ ಬೇಸ್ ಗಿಟಾರು. ಜಿಪ್ಪು ಎಳೆದೆ. ನಾಲ್ಕು ತಂತಿ. ತಂಬೂರಿಗೂ ನಾಲ್ಕೇ ತಂತಿ! ನನಗೆ ಮೈಯೆಲ್ಲಾ ಜುಂ ಎಂದಿತು. ಯಾರೂ ಮುಟ್ಟಕೂಡದು ಎಂದು ನೀನು ಹೇಳಿ ಹೋಗಿದ್ದು ಮರೆತಿರಲಿಲ್ಲ. ನೆನಪಿಟ್ಟುಕೊಂಡೇ ಮುಟ್ಟಿದೆ.

ತಂಬೂರಿಗೆ ಪಂಚಮ ಒಂದು, ನಡುವೆ ಷಡ್ಜ ಎರಡು, ಕೊನೆಗೆ ಕೆಳಗಿನ ಷಡ್ಜ. ನಾನೇನು ಮಾಡಿದೆ ಗೊತ್ತಾ, ಷಡ್ಜ ಎರಡು ಬೇಕಲ್ಲ ಎಂದು ಒಂದು ದಪ್ಪ ತಂತಿಯನ್ನು ಮೇಲಿನ ಷಡ್ಜಕ್ಕೆ ಬರುವ ತನಕ ತಿರುಗಿಸುತ್ತಾ ಹೋದೆ. ಟಪ್ ಎಂದು ಹರಿದು ನಿಮ್ಮಪ್ಪನ ಕಾಫಿ ಲೋಟದ ಮೇಲೆ ಬಿತ್ತು. ಅವತ್ತು ಅವರಿಗೆ ಎರಡನೇ ಸಲ ಕಾಫಿ ಮಾಡಿಕೊಟ್ಟೆ.

ಆಗ ಮಹಡಿಯ ನಿಶಾಂತನ ನೆನಪಾಯಿತು. ನೀನು ಹೋದಮೇಲೆ ಬಾಡಿಗೆಗೆ ಬಂದವರು, ಮಂಡ್ಯದ ಕಡೆಯವರು. ಅವನಿಗೆ ಗಿಂಡಿಯಲ್ಲಿ ಆಫೀಸು, ಉಳಿದ ಹೊತ್ತೆಲ್ಲಾ ಗಿಟಾರಿನ ಹುಚ್ಚು. ನಡುಮನೆಯ ಗೋಡೆಯ ತುಂಬಾ ಗಿಟಾರು, ಬೀರುವಿನ ಮೇಲೆ ಗಿಟಾರು, ಊಟದ ಮೇಜಿನ ಮೇಲೆ ಬಿಚ್ಚಿಟ್ಟ ಗಿಟಾರು. ಊಟ ನೆಲದ ಮೇಲೆ. ತೊಟ್ಟಿಲು ಕಟ್ಟುವ ಕಾಲ ಬಂದರೆ ಅದಕ್ಕೆ ಜಾಗ ಎಲ್ಲಿ ಎಂದು ಅವನ ಹೆಂಡತಿ ನವ್ಯಾ ನನ್ನ ಹತ್ತಿರ ಗೊಣಗಿದಳು. ಹೊಸ ಗಿಟಾರು ಬಂದರೆ ಹಳೆಯದಕ್ಕೆ ಬಣ್ಣ ಬಳಿದದ್ದು ಎಂದು ಅವಳಿಗೆ ಸುಳ್ಳು ಹೇಳುತ್ತಾನಂತೆ! ಅವನ ಮನೆಯ ಗದ್ದಲದಲ್ಲಿ ನನ್ನ ಮಾತು ಎಲ್ಲಿ ಕೇಳಬೇಕು, ಬೇಕಾದದ್ದನ್ನೆಲ್ಲಾ ಚೀಟಿಯಲ್ಲಿ ಬರೆದು ತೋರಿಸಿದೆ. ಹುಡುಗ ಜಾಣ. ಎಲ್ಲಕ್ಕಿಂತ ದಪ್ಪ ತಂತಿ ಬಿಚ್ಚಿ, ತೆಳು ತಂತಿ ಇನ್ನೊಂದು ಸೇರಿಸಿ, ನಮ್ಮ ಮಂಡಳಿಯ ಐದು ಕಟ್ಟೆ ಶ್ರುತಿಗೆ ನಾಲ್ಕನ್ನೂ ಕೂರಿಸಿದ. ಸದ್ದು ಒರಟು ಅನ್ನಿಸುತ್ತಿದೆ, ವಾರ ಬಿಡಿ, ಸರಿ ಮಾಡಿಕೊಡುತ್ತೇನೆ ಎಂದು ಇಟ್ಟುಕೊಂಡ.

ವಾರವಾದ ಮೇಲೆ ಮೀಟಿ ನೋಡುತ್ತೇನೆ, ಉಯ್ಯೋ, ದೇವಸ್ಥಾನದ ಕಂಬ ತಟ್ಟಿದ ಹಾಗೆ ಒಂದು ಡೊಂ, ಅಷ್ಟೆ. ಗುಂಯ್ ಎನ್ನುವುದೇ ಇಲ್ಲ! ಗಿಟಾರಿನವರಿಗೆ ತಂತಿ ಗುಂಯ್ ಎಂದರೆ ರೋಗವಂತೆ. ಅದನ್ನು ಬಝ್ ಎಂದು ಕರೆದು, ಉಜ್ಜಿ ಉಜ್ಜಿ ಓಡಿಸುತ್ತಾರೆ. ನಮಗೆ ಅದಿಲ್ಲದಿದ್ದರೆ ತಂಬೂರಿಯೇ ಅಲ್ಲ. ಫೋನಿನಲ್ಲಿ ತಂಬೂರಿಯ ಸದ್ದು ಕೇಳಿಸಿ, ಇದು ಬೇಕು ಎಂದು ಬರೆದು ತೋರಿಸಿದಾಗ ಅವನ ಮುಖ ನೋಡಬೇಕಿತ್ತು.

“ಆಂಟಿ, ಈ ಬಝ್ ಹೋಗ್ಸಕ್ಕೆ ಒಂದ್ ವಾರ ಒದ್ದಾಡಿದೀನಿ. ಈಗ ಅದನ್ನೇ ವಾಪಸ್ ತರ್ಸು ಅಂತೀರಲ್ಲ?”

ಅಂತೀನಿ, ತರಿಸು ಎಂದು ಇನ್ನೊಂದು ಚೀಟಿ ಬರೆದೆ. ಒಡೆದ ತಂಬೂರಿಯ ಕುದುರೆ, ತಂತಿಗಳು ಕೂರುವ ಆ ಅಗಲ ತುಂಡು, ಬಿಚ್ಚಿ ತಂದುಕೊಟ್ಟೆ. ಅದನ್ನು ಉಜ್ಜಿ ಕುಳ್ಳಗೆ ಮಾಡಿ ಗಿಟಾರಿನ ಮೈಮೇಲೆ ಕೂರಿಸಿದ. ಇನ್ನು ತಂತಿಯ ಕೆಳಗೆ ಸಿಕ್ಕಿಸಲು ಹತ್ತಿಯ ನೂಲು, ಸದ್ದಿಗೆ ಜೀವ ಬರುವುದೇ ಅದರಿಂದ. ಹೊಲಿಗೆಯ ನೂಲು ಜಾರಿತು. ಕೊನೆಗೆ ಉಪಾಕರ್ಮಕ್ಕೆಂದು ತಂದಿಟ್ಟಿದ್ದ ಜನಿವಾರದ ನೂಲು ಎತ್ತಿಕೊಂಡು ಬಂದೆ. ನನ್ನ ಜನಿವಾರವನ್ನೂ ಕರೆಂಟಿಗೆ ಹಾಕುತ್ತೀಯಾ ಎಂದು ನಿಮ್ಮಪ್ಪ ಮೆಟ್ಟಿಲವರೆಗೆ ಹಿಂದೆಯೇ ಬಂದರು. ನೂಲನ್ನು ಒಂದು ಕೂದಲೆಳೆಯಷ್ಟು ಹಿಂದೆ, ಮುಂದೆ, ಮತ್ತೆ ಹಿಂದೆ ಸರಿಸುತ್ತಾ ಮೀಟಿದೆ. ಅದೊಂದು ಜಾಗ ಸಿಕ್ಕಿತು ನೋಡು! ಸ್ಪೀಕರಿನಿಂದ ಗುಂಯ್ ಎಂದು ಎದ್ದು ಮನೆಯೆಲ್ಲಾ ತುಂಬಿತು. ಅಡುಗೆಮನೆಯಿಂದ ನವ್ಯಾ ಸೌಟು ಹಿಡಿದೇ ಬಂದು ನಿಂತಳು. ನಿಶಾಂತ್ ಬಾಯಿ ತೆರೆದವನು ಮುಚ್ಚಲಿಲ್ಲ. ನಾನಂತೂ ಸಂತೋಷಕ್ಕೆ ಅತ್ತುಬಿಟ್ಟೆ.

ಮಠಕ್ಕೆ ಗಿಟಾರು ಎಂದ ಕೂಡಲೇ ರಮಾಬಾಯಿ ಕೆಂಡವಾದಳು. ನಿಮ್ಮಪ್ಪ ಹೋಗಿ ಏನು ಹೇಳಿದರೋ, ಆಮೇಲೆ ಸರಿ ಎಂದಳು. ಆದರೆ ಹಿಂದೆ, ಕಂಬದ ಮರೆಯಲ್ಲಿ, ಸದ್ದು ಸಣ್ಣದಾಗಿ. ಮುಂದೆ ಅವಳ ಫೋನು.

ಮೊದಲ ಹಾಡಿಗೆ ಫೋನು ಕೀಚ್ ಕೀಚ್ ಎನ್ನುತ್ತಿತ್ತು. ಮೂರನೆಯ ಹಾಡಿಗೆ ನಮ್ಮ ಮಂಡಳಿಯ ಕಥೆ ನಿನಗೆ ಗೊತ್ತೇ ಇದೆ, ಶ್ರುತಿ ಬಿಟ್ಟು ಮೇಲೆ ಮೇಲೆ ಏರುತ್ತಾ ಹೋಗುವುದು. ನಾನು ಕಣ್ಣು ಮುಚ್ಚಿ ಮೀಟುತ್ತಲೇ ಇದ್ದೆ. ಆ ಗುಂಯ್ ನೆಲದ ಮೇಲೆ ಹರಿದು ಕೂತವರ ಮಂಡಿಗೆ ತಾಗುತ್ತಿತ್ತಂತೆ. ಒಬ್ಬೊಬ್ಬರಾಗಿ ಇಳಿದು ಶ್ರುತಿಗೆ ಬಂದರು. ಕೊನೆಗೆ ರಮಾಬಾಯಿಯೂ ಇಳಿದಳು. ಹಾಡು ಮುಗಿಯಿತು, ಅವಳು ಫೋನು ಆರಿಸಿ ಚೀಲಕ್ಕೆ ಹಾಕಿ, ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಜಾನಕೀ, ನೀ ಅಲ್ಲೇನು ಮಾಡ್ತಿದೀ? ಇಲ್ಲಿ ನಡುವೆ ಬಾ. ಶ್ರುತಿ ಹಿಂದೆ ಕೂತ್ರೆ ನಾವೆಲ್ಲಾ ಹ್ಯಾಗೆ ಹಾಡೋದು?”

ಸಾಲಿಗೆ ಸಾಲೇ ಸರಿದು ಜಾಗ ಬಿಟ್ಟಿತು. ನಾನು ಗಿಟಾರು ಅಪ್ಪಿಕೊಂಡು ಮುಂದೆ, ನಿಶಾಂತ್ ಪಂಚೆ ಎತ್ತಿ ಕಟ್ಟಿ ಸ್ಪೀಕರು ಹೊತ್ತು ವೈರು ಎಳೆಯುತ್ತಾ ಹಿಂದೆ. ಅಂಥ ಮೆರವಣಿಗೆ ರಾಯರೂ ನೋಡಿರಲಾರರು. ಮಂಗಳಾರತಿವರೆಗೆ ಮೀಟಿದೆ. ಬೆರಳಿನಲ್ಲಿ ಬೊಬ್ಬೆ ಎದ್ದಿದೆ, ಆಗಾಗ ಮುಟ್ಟಿ ನೋಡಿಕೊಂಡು ಖುಷಿ ಪಡುತ್ತೇನೆ.

ಈಗ ಬೈಗುಳ ತಿನ್ನುವ ಭಾಗ. ಕುದುರೆ ನಿಲ್ಲಲು ನಿನ್ನ ಗಿಟಾರಿಗೆ ಎರಡು ಸ್ಕ್ರೂ ಹೊಡೆಸಬೇಕಾಯಿತು, ತೂತು ಉಳಿಯುತ್ತದೆ. ನೀನು ಅಂಟಿಸಿದ್ದ ತಲೆಬುರುಡೆಯ ಚಿತ್ರ ಕಿತ್ತಿಲ್ಲ, ಮಠಕ್ಕೆ ಹೋಗುವಾಗ ಮಾತ್ರ ಮೇಲೊಂದು ರೇಷ್ಮೆ ರವಿಕೆ ಬಟ್ಟೆ ಕಟ್ಟಿದ್ದೆ. ನನ್ನದೇ ಒಂದು ಸಿಕ್ಕರೆ ನಿನ್ನದನ್ನು ಮೊದಲಿನಂತೆ ಮಾಡಿಸಿ ಇಡುತ್ತೇನೆ. ಮಾಧವರಂನಲ್ಲಿ ಯಾರೋ ಕೆಂಪು ಬೇಸ್ ಮಾರುತ್ತಾರಂತೆ, ಐದು ತಂತಿಯದು! ಶನಿವಾರ ನಾನೂ ನಿಶಾಂತನೂ ನೋಡಲು ಹೋಗುತ್ತೇವೆ. ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಾಗಿ ನವ್ಯಾಗೆ ಹೇಳಿದ್ದಾನೆ. ನಿಮ್ಮಪ್ಪನಿಗೆ ಗೊತ್ತು, ಅಟ್ಟದಲ್ಲಿ ಈಗಲೇ ಜಾಗ ಮಾಡುತ್ತಿದ್ದಾರೆ.

ಬೆಚ್ಚಗಿರು. ಕಿವಿಗೆ ಟೋಪಿ ಹಾಕು.

ಮುಂದಿನ ಸಾಲಿನಿಂದ,
ನಿನ್ನ ಅಮ್ಮ
ಜಾನಕಿ

ತಾ.ಕ.: ಫೋನಿನ ಮೈಕ್ ಚೆನ್ನಾಗಿಯೇ ಇದೆ ಪುಟ್ಟಾ. ಜೂನ್‌ನಲ್ಲಿ ಕೀಲ್ಪಾಕಿನಲ್ಲಿ ಗಂಟಲಿನ ಗಂಟು ತೆಗೆದರು. ಕೆಟ್ಟ ಗಂಟಲ್ಲ, ಹೆದರಬೇಡ. ನರಕ್ಕೆ ಅಂಟಿಕೊಂಡಿತ್ತು, ಧ್ವನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹೋಯಿತು. ಹಾಡಲು ಬಾಯಿ ತೆರೆದರೆ ಬರೀ ಗಾಳಿ. ನೀನು ಕೆಲಸ ಬಿಟ್ಟು ಓಡಿಬರುತ್ತೀ ಎಂದು ಹೇಳಲಿಲ್ಲ. ನಿಮ್ಮಪ್ಪನನ್ನು ಬೈಯಬೇಡ, ಬಾಯಿ ಬಿಡಕೂಡದೆಂದು ಆಣೆ ಹಾಕಿಸಿದ್ದು ನಾನು. ತುಂಬಾ ಅತ್ತೆ, ಈಗ ಅಳುತ್ತಿಲ್ಲ. ಭಾನುವಾರ ನನ್ನ ಫೋನಿಗೇ ಮಾಡು. ನಾನು ಮಾತಾಡುವುದಿಲ್ಲ, ಸ್ಪೀಕರಿನ ಪಕ್ಕ ಫೋನು ಇಟ್ಟು ಮೀಟುತ್ತೇನೆ. ಹಾಡುವುದು ನೀನು. ಶ್ರುತಿ ತಪ್ಪಿದರೆ ಅಲ್ಲೇ ಮೀಟುವುದು ನಿಲ್ಲಿಸುತ್ತೇನೆ, ಹುಷಾರ್.