ಸೇನಾಪತಿಯ ಕಣ್ಣು

ಅಪ್ಪ,

ಬೋರ್ಡ್ ಗೇಮಿಗೆಂದು ನೀನು ಕೆತ್ತಿದ್ದ ಹೆಬ್ಬೆರಳುದ್ದದ ಸೇನಾಪತಿ ಇವತ್ತು ನನ್ನ ಕೈಗೆ ಬಂದ. "ಈಗಿನ ಹುಡುಗರಿಗೆ ಜಪಾನಿ ಅನಿಮೆ ಕಾರ್ಟೂನ್ ಥರದ ಮುಖ ಬೇಕಮ್ಮ, ಕಣ್ಣು ದೊಡ್ಡದು ಮಾಡು," ಎಂದರು ಕಂಪನಿಯ ಯಜಮಾನರು.

ಇದೇ ವಿಷಯಕ್ಕೆ ನನ್ನ ಜೊತೆ ಎಷ್ಟು ಜಗಳ ಆಡಿದ್ದೆ ನೀನು. "ಕಣ್ಣು ದೊಡ್ಡದಾದಷ್ಟೂ ಹೆದರಿಕೆ ಕಾಣತ್ತೆ ಕಣೇ" ಅನ್ನುತ್ತಿದ್ದೆ. ನಾನು ನಗುತ್ತಿದ್ದೆ.

ಸೇನಾಪತಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅವನ ಗದ್ದ ಚೂಪು ಮಾಡಿದೆ, ಮೂಗನ್ನು ಚುಕ್ಕೆಗಿಳಿಸಿದೆ, ಕಣ್ಣು ಹಿಗ್ಗಿಸಿದೆ.

"ಈಗ ಜೀವ ಬಂತು ನೋಡು," ಎಂದರು.

ಕೊನೆಯ ಸಲ ಆಸ್ಪತ್ರೆಯಲ್ಲಿ, ಕೆಲಸವಿದೆ ಎಂದು ಎದ್ದು ನಾನು ಬಾಗಿಲು ಎಳೆದುಕೊಳ್ಳುವಾಗ ನೀನು ನೋಡಿದ ಹಾಗೆಯೇ ಸೇನಾಪತಿ ನನ್ನನ್ನು ನೋಡುತ್ತಿದ್ದ.

ಅವನ ಶಿರಸ್ತ್ರಾಣವನ್ನು ಮೂಗಿನವರೆಗೂ ಇಳಿಸಿಬಿಟ್ಟೆ.

"ಕಣ್ಣೇ ಕಾಣಲ್ವಲ್ಲಮ್ಮ?"

"ಇವನು ಹೆದರೋನಲ್ಲ ಸಾರ್," ಎಂದೆ.