ಚರ್ಚಿನ ಅಟ್ಟದಲ್ಲಿ ಒಂದೇ ಕಾಯಿ

ಅತ್ತಿಗೆ,

ನೀವು ಹೋದಮೇಲೆ ನಮ್ಮ ಚರ್ಚಿನ ಅಡುಗೆಮನೆಯ ಅಟ್ಟ ಕುಸಿದುಬಿತ್ತು. ಕೆಳಗೆ ಯಾರಿದ್ದರು ಅಂತ ಮಾತ್ರ ಕೇಳಬೇಡಿ...

ಗಾಬರಿಯಾಯಿತೇ? ಸುಳ್ಳು. ಅಟ್ಟ ಅಲ್ಲಾಡಿಲ್ಲ. ಭಾರವೇ ಇಲ್ಲದ ಅಟ್ಟ ಯಾಕೆ ಕುಸಿಯುತ್ತೆ? ತಿಪಟೂರಿನಲ್ಲಿದ್ದುಕೊಂಡು ಅಟ್ಟದ ಮೇಲೆ ಇರುವುದು ಒಂದೇ ಒಂದು ತೆಂಗಿನಕಾಯಿ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಸುಳ್ಳಿನಿಂದ ಶುರುಮಾಡಿದೆ. ನನ್ನ ಬಾಯಿಂದ ಬಂದರೆ ಜನ ನಂಬುವುದು ಅದನ್ನೊಂದೇ. ಹೆಸರಿಗೆ ಸಮಾಧಾನಪ್ಪ, ಒಳಗೆಲ್ಲ ಅಸಮಾಧಾನಪ್ಪ. ಅದನ್ನು ನಿಮ್ಮ ಹತ್ತಿರ ಅಲ್ಲದೆ ಇನ್ನು ಯಾರ ಹತ್ತಿರ ಹೇಳಲಿ?

ನಿಮ್ಮ ಬುಧವಾರಗಳು ನೆನಪಾಗುತ್ತವೆ. ಎದುರಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದು ಹಸಿದು ಕೂತವರಿಗೆಲ್ಲ ಊಟ. ಅಣ್ಣನನ್ನು ಮದುವೆಯಾಗಿ ಸೇಲಂನಿಂದ ಬಂದ ನಿಮ್ಮದು ಒಂದು ವಾರ ತಮಿಳು ಕೊಳಂಬು, ನರ್ಸ್ ಶೈನಿಯದು ಇನ್ನೊಂದು ವಾರ ಕೇರಳದ ಕರಿ, ಆಮೇಲೆ ತೆಂಗಿನಪುಡಿ ಫ್ಯಾಕ್ಟರಿಯ ಒಡಿಶಾ ಹುಡುಗರ ಬೇಳೆ-ತರಕಾರಿ. ಕಾಯಿ ಮಾತ್ರ ಯಾವಾಗಲೂ ಈ ಊರಿನದೇ. ಅದೂ ಕೊಂಡದ್ದಲ್ಲ. ಮನೆಯವರನ್ನು ಆಸ್ಪತ್ರೆಗೆ ಸೇರಿಸಿದವರು, ಹಣೆತುಂಬ ವಿಭೂತಿ ಇಟ್ಟವರೂ, ನಮ್ಮ ಮೆಟ್ಟಿಲ ಮೇಲೆ ಒಂದು ಕಾಯಿ ಇಟ್ಟು ಕೈಮುಗಿದು ಹೋಗುತ್ತಿದ್ದರು. ನೀವು ಅದನ್ನು ಪೂಜೆಯ ಹಾಗೆ ಅಲ್ಲೇ ಒಡೆಯುತ್ತಲೂ ಇರಲಿಲ್ಲ, ಬೇಡ ಅನ್ನುತ್ತಲೂ ಇರಲಿಲ್ಲ. "ಯಾರಿಗಮ್ಮ ಹುಷಾರಿಲ್ಲ?" ಅಂತ ಹೆಸರು ಕೇಳಿ, ಕಣ್ಣುಮುಚ್ಚಿ ಆ ಹೆಸರನ್ನೊಮ್ಮೆ ಹೇಳಿ ಅಟ್ಟಕ್ಕೇರಿಸುತ್ತಿದ್ದಿರಿ. ಅದರಲ್ಲಿ ಸ್ವಲ್ಪ ಸಾರಿಗೆ. ಉಳಿದದ್ದು ಒಣಗಿ, ಒಳಗೆ ಕೊಬ್ಬರಿ ಗುಡುಗುಡು ಅಂದಮೇಲೆ ಮಂಡಿಗೆ ಹೋಗಿ, ಅಕ್ಕಿಯಾಗಿ ವಾಪಸ್ಸು ಬರುತ್ತಿತ್ತು.

ಕೆಳಗೆ ನಿಂತು ನಗುತ್ತಿದ್ದ ನನಗೆ ನೀವು ಬೈದದ್ದೂ ನೆನಪಿದೆ. "ಏನೋ ಸಮಾಧಾನ, ಪ್ರಾರ್ಥನೆ ಮಾಡುವಾಗ್ಲೂ ಒಂದ್ ಕಣ್ಣು ಬಿಟ್ಕೊಂಡೇ ಇರ್ತೀಯ. ಯಾರ ಚಪ್ಲಿ ಬಚ್ಚಿಡ್ಲಿ ಅಂತ ತಾನೆ?" ಸುಳ್ಳೇನಲ್ಲ ಬಿಡಿ.

ಈಗ ರಾಜು ಮೇಷ್ಟ್ರು ಕಮಿಟಿಯ ಕಾರ್ಯದರ್ಶಿ. ಕೆಟ್ಟವರಲ್ಲ, ಹೆದರುಪುಕ್ಕಲು. ಹೊರಗಿನಿಂದ ಬಂದ ಅತಿಥಿಯೊಬ್ಬರು ಮೆಟ್ಟಿಲ ಮೇಲೆ ಅರಿಶಿನ ಕುಂಕುಮ ಹಚ್ಚಿದ ಕಾಯಿ ನೋಡಿ ಹುಬ್ಬೇರಿಸಿದರಂತೆ. ಅಷ್ಟೇ. ಮಾರನೆಯ ದಿನ ಬೋರ್ಡು ಬಂತು: ಇಲ್ಲಿ ತೆಂಗಿನಕಾಯಿ ಇಡಬಾರದು. ಕಾಯಿ ನಿಂತಿತು, ಅಕ್ಕಿ ನಿಂತಿತು, ಬುಧವಾರದ ಒಲೆಯೂ ಆರಿತು. ಕಮಿಟಿಗೆ ಅದರ ಚಿಂತೆಯಿಲ್ಲ. ಕ್ರಿಸ್‌ಮಸ್ಸಿಗೆ ಮೊದಲ ಹಾಡು ತಮಿಳಿನದೋ ಮಲಯಾಳದ್ದೋ ಅಂತ ಈಗಲೇ ಜಗಳ. ಇದನ್ನೆಲ್ಲ ಕೇಳಿಸಿಕೊಂಡು ನಾನು ಎಷ್ಟು ಅಂತ...

ಮೊನ್ನೆ ಕಿಬ್ಬನಹಳ್ಳಿಯ ಗಂಗಮ್ಮ ಮಡಿಲಲ್ಲಿ ಕಾಯಿ ಇಟ್ಟುಕೊಂಡು ಬಂದಳು. ಗಂಡನನ್ನು ಆಸ್ಪತ್ರೆಗೆ ಸೇರಿಸಿದ್ದಾಳೆ. ಮೇಷ್ಟ್ರು ಬಾಗಿಲಲ್ಲೇ ತಡೆದರು.

"ಇದೇನ್ ಸ್ವಾಮಿ, ಅಮ್ಮಾವ್ರು ಇಸ್ಕೋತಿದ್ರಲ್ಲ?"

"ಅಮ್ಮಾವ್ರು ಇಲ್ವಲ್ಲಮ್ಮ. ಈಗ ರೂಲ್ಸು ಬೇರೆ."

"ನಿಮ್ ರೂಲ್ಸು ನಿಮ್ಗಿರ್ಲಿ. ಊಟ ಇಲ್ದಿದ್ರೂ ಬುಡಿ, ಹಸ್ಕಂಡಿರ್ತೀನಿ. ನಮ್ ಯಜಮಾನ್ರ ಹೆಸ್ರಲ್ಲಿ ತಂದ್ ಕಾಯಿ ವಾಪಸ್ ಮನೆಗ್ ತಗೊಂಡೋಗಾದಾ? ಒಳ್ಳೇದಾಯ್ತದಾ?"

ಮೇಷ್ಟ್ರು ಬೋರ್ಡು ತೋರಿಸಿದರು. ಓದಲು ಬಾರದವಳಿಗೆ! ಆಸ್ಪತ್ರೆಯ ಕಾಂಪೌಂಡಿನ ಪಕ್ಕ ಕಾಯಿ ತಬ್ಬಿಕೊಂಡು ಕೂತಿದ್ದವಳ ಹತ್ತಿರ ಹೋಗಿ, ಕೊಡು ನಾನಿಡ್ತೀನಿ ಅಂದೆ.

"ತಮಾಸೆ ಮಾಡ್ಬ್ಯಾಡಿ ಕಣ್ರೀ. ನಿಮ್ ಸುದ್ದಿ ಕೇಳಿವ್ನಿ."

ಅತ್ತಿಗೆ, ಆ ಮಾತು ಎದೆಗೆ ನಾಟಿತು. ಕೊನೆಗೆ ಸೆರಗಿನಿಂದ ಕಾಯಿ ಒರೆಸಿ ನನ್ನ ಕೈಗೆ ಕೊಟ್ಟಳು. "ಶಿವಣ್ಣ ಅಂತ ಹೆಸ್ರು. ಹೇಳಿ ಇಡಿ."

ಅವತ್ತೇ ಸಾಯಂಕಾಲ ಕಮಿಟಿಯಲ್ಲಿ ಎದ್ದು ನಿಂತೆ. ಬೋರ್ಡು ತೆಗೀರಿ, ಒಲೆ ಹಚ್ಚಿ ಅಂದೆ. ಒಂದು ತಮಾಷೆಯನ್ನೂ ಸೇರಿಸಲಿಲ್ಲ. ಎಲ್ಲರೂ ಈಗ ನಗಬೇಕು, ಈಗ ನಗಬೇಕು ಅಂತ ಕಾದು ಕಾದು ಕೊನೆಗೆ ನಕ್ಕೇಬಿಟ್ಟರು! "ಪಾಸ್ಟರಿಗೆ ಎಳನೀರಲ್ಲಿ ಉಪ್ಪು ಹಾಕಿ ಕುಡಿಸ್ದೋನಲ್ವೇನಯ್ಯ ನೀನು? ಕೂತ್ಕ, ಕೂತ್ಕ" ಅಂದರು ಮೇಷ್ಟ್ರು. ಇಷ್ಟು ವರ್ಷ ಇವರನ್ನು ನಗಿಸಿದ್ದಕ್ಕೆ ನನಗೆ ಸಿಕ್ಕಿದ್ದು ಇದೇನಾ?

ಭಾನುವಾರ ಆರಾಧನೆಗೆ ಆ ಕಾಯಿಯನ್ನು ಪಂಚೆಯ ಮಡಿಲಲ್ಲಿ ಸುತ್ತಿಕೊಂಡು ಹೋದೆ. ಕಾಣಿಕೆಯ ಹಾಡು ಶುರುವಾಯಿತು. ನೋಟು ಚಿಲ್ಲರೆಗೆ ಹೊಲಿದ ಆ ಸಣ್ಣ ಮಖಮಲ್ ಚೀಲ ಹಿಡಿದು ಸಾಲಿನಿಂದ ಸಾಲಿಗೆ ಬಂದವರು ಯಾರು? ರಾಜು ಮೇಷ್ಟ್ರೇ. ನನ್ನ ಮುಂದೆ ಚಾಚಿದರು. ಕಾಯಿ ಹಾಕಿಬಿಟ್ಟೆ. ಚೀಲ ಜಗ್ಗಿತು, ಮೇಷ್ಟ್ರೂ ಬಗ್ಗಿದರು.

"ತೆಗಿಯಯ್ಯ!" ಅಂದರು ಹಲ್ಲುಕಚ್ಚಿ.

"ಕಾಣಿಕೆ ಚೀಲಕ್ಕೆ ಹಾಕಿದ್ದನ್ನ ವಾಪಸ್ ತೆಗೆಯೋ ಹಂಗಿಲ್ಲ. ನಿಮ್ಮದೇ ರೂಲ್ಸು."

ಹಿಂದಿನ ಸಾಲಿನಲ್ಲಿ ಕಿಸಿಕಿಸಿ. ಮೇಷ್ಟ್ರು ಕೆಂಪಗಾಗಿ, ಮಗು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಮುಂದೆ ನಡೆದರು. ಪಾಸ್ಟರು ಒಂದು ಕ್ಷಣ ನೋಡಿದರು. ಆಮೇಲೆ ಎಲ್ಲ ಕಾಣಿಕೆಗಳ ಜೊತೆ ಅದರ ಮೇಲೂ ಕೈಯಿಟ್ಟು ಆಶೀರ್ವದಿಸಿದರು. ಈಗ ಅದು ಅಟ್ಟದಲ್ಲಿದೆ.

ಬೋರ್ಡು ಇನ್ನೂ ಅಲ್ಲೇ ಇದೆ. ಶಿವಣ್ಣ ಇನ್ನೂ ವಾರ್ಡಿನಲ್ಲೇ ಇದ್ದಾನೆ. ಆದರೆ ಈ ಬುಧವಾರ ಒಲೆ ಹಚ್ಚುತ್ತೇನೆ. ಶೈನಿ ರಜೆ ಹಾಕುತ್ತಾಳಂತೆ, ಅಕ್ಕಿ ನನ್ನ ಮನೆಯದು. ಕೈ ತರಚಿಕೊಂಡಾದರೂ ಆ ಕಾಯಿಯನ್ನು ನಾನೇ ತುರಿಯುತ್ತೇನೆ. ಒಬ್ಬರಾದರೂ ಉಣ್ಣಲಿ.

ಸಮಾಧಾನಪ್ಪ ಇನ್ನೊಂದು ಕೀಟಲೆ ಮಾಡಿದ ಅಂತ ಊರೆಲ್ಲ ನಗುತ್ತಿದೆ. ನಗಲಿ. ಚೀಲ ನನ್ನ ಸಾಲಿಗೆ ಬರುವ ಮುಂಚೆ ನಾನು ತಲೆ ತಗ್ಗಿಸಿ ಕೂತಿದ್ದೆ. ತೂಕಡಿಸುತ್ತಿದ್ದೀನಿ ಅಂತ ಶೈನಿ ತಿವಿದಳು. ತೂಕಡಿಸುತ್ತಿರಲಿಲ್ಲ ಅತ್ತಿಗೆ. ಶಿವಣ್ಣನ ಹೆಸರು ಹೇಳುತ್ತಿದ್ದೆ.

ಎರಡೂ ಕಣ್ಣು ಮುಚ್ಚಿದ್ದೆ.