ಎರಡನೆಯ ಸೂಜಿ

ಮಂಗಳವಾರ, ಮಾರ್ಚ್ ೯

ಅತ್ತೆಯ ಮಗನಿಗೆ,

ಹೀಗೆ ಕರೆದೆನೆಂದು ಬೇಸರಪಡಬೇಡಿ. ನೀವು ಮನೆ ಬಿಟ್ಟ ಈ ನಾಲ್ಕು ವರ್ಷಗಳಲ್ಲಿ ಬೇರೇನೆಂದು ಕರೆಯಬೇಕೋ ನನಗೇ ತಿಳಿಯದಾಗಿದೆ. ಅತ್ತೆ ಹೋದ ವಾರ ಫೋನಿನಲ್ಲಿ ಹೇಳುವವರೆಗೆ ನಿಮಗೇನೂ ಗೊತ್ತಿರಲಿಲ್ಲ, ಯಾಕೆ ಮುಚ್ಚಿಟ್ಟೆ ಎಂದು ಕೇಳಿದ್ದೀರಿ. ಮುಚ್ಚಿಡಲಿಲ್ಲ. ಹೇಳಲು ತ್ರಾಣವಿರಲಿಲ್ಲ. ಈಗಲೂ ಅಷ್ಟೇನಿಲ್ಲ.

ಅಕ್ಟೋಬರಿನಲ್ಲಿ ಅತ್ತೆಯ ಕೆಮ್ಮು ನಿಲ್ಲದೆ ಸ್ಕ್ಯಾನ್ ಮಾಡಿಸಿದೆ. ಬಲ ಶ್ವಾಸಕೋಶದ ಮೇಲುಗಡೆ ಒಂದು ಗಂಟು, ಎಡದ ಕೆಳಗಡೆ ಇನ್ನೊಂದು. ಬಲಗಡೆಗೆ ಸೂಜಿ ಹಾಕಿ ತೆಗೆದ ತುಂಡು ನಮ್ಮ ಲ್ಯಾಬಿಗೇ ಬಂತು. ಡಬ್ಬಿಯ ಮೇಲೆ ಬರೀ ನಂಬರಿದ್ದರೂ ಯಾರದೆಂದು ನನಗೆ ಗೊತ್ತಿತ್ತು. ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬೆಚ್ಚನೆಯ ನೀರಿನಲ್ಲಿ ತೇಲಿಸಿ ಗಾಜಿನ ಮೇಲೆತ್ತುವುದು ಹದಿನೇಳು ವರ್ಷಗಳ ಅಭ್ಯಾಸ. ಅಂದು ಆ ಪದರ ಮೂರು ಸಲ ಹರಿದುಹೋಯಿತು.

ಕ್ಯಾನ್ಸರ್. ಗ್ರಂಥಿಯ ಜೀವಕೋಶಗಳಲ್ಲಿ ಹುಟ್ಟುವ ಜಾತಿ. ಎಡಗಡೆಯದು ಅದೇ ಹರಡಿದ್ದು ಎಂದುಕೊಂಡರು. ಹರಡಿದ ಮೇಲೆ ಆಪರೇಷನ್ ಇಲ್ಲ, ಔಷಧಿಯಲ್ಲಿ ದಿನ ದೂಡಬೇಕಷ್ಟೇ. ಆದರೆ ನಮ್ಮ ಲ್ಯಾಬಿನ ದೊಡ್ಡ ಡಾಕ್ಟರು ಸ್ಕ್ಯಾನನ್ನು ಎರಡು ಸಲ ತಿರುಗಿಸಿ ನೋಡಿ ಕನ್ನಡಕ ತೆಗೆದರು. "ಒಂದರ ಅಂಚು ಮುಳ್ಳುಮುಳ್ಳು, ಇನ್ನೊಂದರ ಹೊಟ್ಟೆ ಟೊಳ್ಳು. ಇವೆರಡೂ ಒಂದೇ ತಾಯಿ ಮಕ್ಕಳಾ ಅಂತ ನಂಗೆ ಅನುಮಾನ ಕಣಮ್ಮ. ಎಡದ್ದನ್ನೂ ಚುಚ್ಚಿ ನೋಡ್ಬೇಕು" ಎಂದರು.

ಅತ್ತೆ ಒಪ್ಪಲಿಲ್ಲ. "ಸಾಕಮ್ಮ, ನಾನೇನು ಸೂಜಿ ಚುಚ್ಚೋ ದಿಂಬಾ?" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಎರಡು ದಿನ ಬೇಡಿಕೊಂಡೆ. ಮೂರನೆಯ ದಿನ ಸುಳ್ಳು ಹೇಳಿದೆ: ಮೊದಲಿನ ತುಂಡು ನನ್ನ ಕೈಯಲ್ಲೇ ಕೆಟ್ಟಿತು, ಇನ್ನೊಂದು ಸಿಗದಿದ್ದರೆ ಮೇಲಿನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು. ಅತ್ತೆ ತಟ್ಟನೆ ಎದ್ದು ಕುಳಿತರು. "ಇದನ್ನ ಮೊದಲೇ ಹೇಳೋಕೇನಾಗಿತ್ತು? ನಿನ್ನ ಅನ್ನಕ್ಕೆ ಕಲ್ಲು ಬೀಳೋದು ಬೇಡ. ನಡಿ."

ಆ ಸೂಜಿಯಿಂದ ಶ್ವಾಸಕೋಶಕ್ಕೆ ತೂತಾಗಿ ಗಾಳಿ ಸೋರಿತು. ಮೂರು ದಿನ ಪಕ್ಕೆಯಲ್ಲಿ ನಳಿಗೆ. ಉಸಿರಿಗೊಮ್ಮೆ ನರಳುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಕುಳಿತು ಅವರ ಕಾಲು ಒತ್ತುತ್ತಿದ್ದೆ. ಮುಖ ನೋಡುವ ಧೈರ್ಯವಿರಲಿಲ್ಲ.

ಎರಡನೆಯ ತುಂಡನ್ನೂ ನಾನೇ ಕತ್ತರಿಸಿದೆ. ಕ್ಯಾನ್ಸರಿನ ಜಾತಿ ಗುರುತಿಸಲು ಹಾಕುವ ಬಣ್ಣ ಮೊದಲನೆಯದಕ್ಕೆ ಹಿಡಿದಿತ್ತು, ಇದಕ್ಕೆ ಹಿಡಿಯಲಿಲ್ಲ. ನನ್ನ ತಪ್ಪೇ ಇರಬೇಕೆಂದು ಮತ್ತೊಮ್ಮೆ ಹಾಕಿದೆ, ಆಗಲೂ ಹಿಡಿಯಲಿಲ್ಲ. ದೊಡ್ಡ ಡಾಕ್ಟರು ಕರೆದು ತೋರಿಸಿದರು: ಚಪ್ಪಟೆ ಜೀವಕೋಶಗಳು, ಈರುಳ್ಳಿಯ ಪದರಗಳಂತೆ ಸುತ್ತಿಕೊಂಡಿದ್ದವು. ಬೇರೆಯದೇ ಕ್ಯಾನ್ಸರ್. ಒಂದು ಇನ್ನೊಂದಕ್ಕೆ ಹುಟ್ಟಿದ್ದಲ್ಲ. ಅಂದರೆ ಯಾವುದೂ ಹರಡಿಲ್ಲ, ಎರಡೂ ಇನ್ನೂ ಚಿಕ್ಕವು, ಎರಡಕ್ಕೂ ಬೇರೆ ಬೇರೆ ದಾರಿ ಇದೆ. ಮನೆಯವರಿಗೆ ಎರಡು ಕ್ಯಾನ್ಸರ್ ಇದೆಯೆಂದು ಕೇಳಿ ಯಾರಾದರೂ ಖುಷಿಯಿಂದ ಅಳುತ್ತಾರೆಯೇ? ಬಣ್ಣದ ಬಾಟಲಿಗಳ ಮುಂದೆ ನಿಂತು ನಾನು ಅತ್ತುಬಿಟ್ಟೆ.

ಅತ್ತೆಗೆ ಹೇಳಿದಾಗ, "ಬಡವರ ಮನೆಗೆ ನೆಂಟರು ಜೋಡಿಯಾಗೇ ಬರೋದು ಬಿಡು" ಎಂದು ನಕ್ಕರು. ಬಲಗಡೆಯದನ್ನು ಜನವರಿಯಲ್ಲಿ ಕತ್ತರಿಸಿ ತೆಗೆದರು. ಎಡಕ್ಕೆ ಕಿರಣ ಕೊಟ್ಟದ್ದು ಹೋದ ವಾರ ಮುಗಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ಪೂರ್ತಿ ವಾಸಿಯಾಯಿತೆಂದು ಯಾರೂ ಹೇಳಿಲ್ಲ. ಅತ್ತೆ ಇವತ್ತು ತಾವೇ ತಲೆ ಬಾಚಿಕೊಂಡರು.

ನನಗೆ ಮಾತ್ರ ಕೂತಲ್ಲೇ ನಿದ್ದೆ ಬರುತ್ತದೆ.

ಇಂತಿ,
ನಿಮ್ಮಮ್ಮನ ಸೊಸೆ

ತಾ.ಕ.: ನೀವು ಕಳಿಸಿದ ವಿಚ್ಛೇದನದ ಕಾಗದಗಳು ಆ ಎರಡನೆಯ ಸೂಜಿಯ ದಿನವೇ ಕೈಸೇರಿದ್ದವು. ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ 'ರೋಗಿಗೆ ಏನಾಗಬೇಕು' ಎಂಬ ಜಾಗವಿತ್ತು. ಅಲ್ಲಿ 'ಸೊಸೆ' ಎಂದು ಬರೆಯಬೇಕಾಗಿದ್ದರಿಂದ ನಿಮ್ಮದಕ್ಕೆ ಸಹಿ ಹಾಕಲಿಲ್ಲ. ಈಗ ಹಾಕಿ ಇದರೊಳಗೆ ಇಟ್ಟಿದ್ದೇನೆ. ಅತ್ತೆಗೂ ತೋರಿಸಿದೆ. ಓದಿ ಮಡಿಸಿಕೊಟ್ಟು, "ಅವನನ್ನ ಬಿಡು. ನನ್ನ ಬಿಡಬೇಡ" ಎಂದರು.